ಬೇರೆ ಹೆಸರಿನ ಸೋಪು

ಸೋಪು ಕಾರ್ಖಾನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೆಟ್ಟಿಲ ಬುಡದಲ್ಲಿ ಯಜಮಾನರು ಬಿದ್ದಿದ್ದರು. ಉಸಿರು ನಿಂತಿತ್ತು. ಮುಷ್ಟಿಯಲ್ಲಿ ಮುರಿದ ಸೋಪಿನ ತುಂಡು. ಅದರ ಮೇಲೆ ಹೆಸರಾಂತ ವಿದೇಶಿ ಕಂಪನಿಯ ಅಚ್ಚು.

"ಜಾರಿ ಬಿದ್ದಿರಬೇಕು ಮೇಡಂ," ಎಂದ ಪೇದೆ.

"ಜಾರಿ ಬಿದ್ದೋರ ಕಾಲರ್ ಹರಿಯುತ್ತೇನ್ರೀ?" ಇನ್‌ಸ್ಪೆಕ್ಟರ್ ಮಂಡಿಯೂರಿ ಕುಳಿತಳು. ಸೋಪು ಬಳಸಿ ಸವೆದದ್ದು.

ಯಜಮಾನರ ತಮ್ಮ ಮೂಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಂಗಡಿಗಳಿಗೆ ಸರಕು ಮುಟ್ಟಿಸುವುದು ಅವನ ಕೆಲಸ. "ನಿನ್ನೆ ಆ ವಿದೇಶಿ ಕಂಪನಿ ಏಜೆಂಟ್ ಬಂದು ಅಣ್ಣನ ಹತ್ರ ಕೂಗಾಡಿದ್ದ. ನಾನು ಬೆಳಿಗ್ಗೆ ಈ ಕಡೆ ಬಂದೇ ಇಲ್ಲ. ಸುದ್ದಿ ಕೇಳಿ ಓಡಿ ಬಂದೆ."

*

ಏಜೆಂಟ್ ಬೆವರಿದ. "ಕೂಗಾಡಿದ್ದು ನಿಜ. ನಮ್ಮ ಹೆಸರಲ್ಲಿ ನಕಲಿ ಸೋಪು ಮಾರಾಟ ಆಗ್ತಿದೆ. ಅವರದೇ ಕೆಲಸ ಅಂದ್ಕೊಂಡೆ. 'ನನ್ನ ಸೋಪಿಗೆ ಇನ್ನೊಬ್ಬರ ಹೆಸರಾ? ಅದಕ್ಕಿಂತ ಬಾಗಿಲು ಹಾಕ್ತೀನಿ' ಅಂತ ಕಣ್ಣೀರು ಹಾಕಿದ್ರು. ಇವತ್ತು ಬೆಳಗಿಂದ ನಾನು ಆಫೀಸ್ ಬಿಟ್ಟು ಕದಲಿಲ್ಲ."

ಆಫೀಸಿನವರೆಲ್ಲ ಹೌದೆಂದರು. ಆ ದಾರಿ ಅಲ್ಲಿಗೆ ಮುಚ್ಚಿತು.

*

ಯಜಮಾನರ ಹೆಂಡತಿ ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದಳು.

"ಆ ಸೋಪು ನಂದೇ ಮೇಡಂ. ನಾನು ವಿದೇಶದ್ದೇ ಬಳಸೋದು. ಇವರದ್ದು ಒರಟು ಅನ್ನಿಸ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಬಿಡು ಅಂತ ನಗೋರು. ಇವತ್ತು ಅವರ ಸೋಪು ಸವೆದುಹೋಗಿತ್ತು ಅಂತ ನಂದರಲ್ಲೇ ಕೈ ತೊಳೆದ್ರು. ಅದೇನಾಯ್ತೋ, ತಿಂಡಿನೂ ತಿನ್ನದೆ ಅದನ್ನ ಹಿಡ್ಕೊಂಡೇ ಹೊರಟ್ರು."

"ನಿಮಗೆ ಅದನ್ನ ತಂದುಕೊಡ್ತಿದ್ದೋರು ಯಾರಮ್ಮ?"

"ನನ್ನ ಮೈದುನ. ಅತ್ತಿಗೆಗೆ ಅಂತಾನೇ ತರ್ತಾನೆ."

*

ಕಾರ್ಖಾನೆಯ ಕಪಾಟಿನಿಂದ ಇನ್‌ಸ್ಪೆಕ್ಟರ್ ಒಂದು ಸೋಪು ತೆಗೆದು ತಮ್ಮನ ಎದುರೇ ಮುರಿದಳು. ಸತ್ತವರ ಮುಷ್ಟಿಯಲ್ಲಿದ್ದ ತುಂಡನ್ನು ಪಕ್ಕದಲ್ಲಿಟ್ಟಳು. ಎರಡರೊಳಗೂ ಅದೇ ಹಸಿರು ಎಳೆ, ಅವೇ ಗಾಳಿಗುಳ್ಳೆಗಳು.

"ಆ ಕಂಪನಿಯದ್ದು ಯಂತ್ರದಲ್ಲಿ ಒತ್ತಿದ ಸೋಪು. ಅದರಲ್ಲಿ ಗುಳ್ಳೆ ಇರಲ್ಲ. ಇದು ಇಲ್ಲೇ ಕೈಯಲ್ಲಿ ಎರೆದದ್ದು. ಅತ್ತಿಗೆಗೆ ಕೊಟ್ಟೋನು ನೀನು. ನಿಮ್ಮಣ್ಣ ಕೈಗೆ ಹಚ್ಚಿದ ಕೂಡಲೇ ಗುರುತು ಹಿಡಿದ್ರು. ನೇರವಾಗಿ ನಿನ್ನನ್ನ ಕೇಳೋಕೆ ಬಂದ್ರು. ಬೆಳಿಗ್ಗೆ ಬಂದಿಲ್ಲ ಅಂದ್ಯಲ್ಲ, ನಿನ್ನ ಗಾಡಿ ಇಲ್ಲಿ ನಿಂತಿದ್ದನ್ನ ಎದುರಿನ ಟೈಲರ್ ನೋಡಿದ್ದಾರೆ."

ತಮ್ಮ ಕಪಾಟಿನ ಕಡೆ ಕೈ ತೋರಿಸಿದ.

"ನಮ್ಮ ಹೆಸರಲ್ಲಿ ಕೊಟ್ರೆ ಯಾರೂ ಮೂಸಿ ನೋಡ್ತಿರ್ಲಿಲ್ಲ ಮೇಡಂ. ಅದೇ ಸೋಪು, ಅಚ್ಚು, ಹೊದಿಕೆ ಬದಲಾಯಿಸಿದ್ರೆ ಮುಗಿಬಿದ್ದು ತಗೊಂಡ್ರು. ಕಾರ್ಖಾನೆ ಉಳೀಲಿ ಅಂತ ಮಾಡಿದೆ. ಏಜೆಂಟ್‌ಗೆ ಎಲ್ಲ ಹೇಳಿಬಿಡ್ತೀನಿ ಅಂತ ಅಣ್ಣ ಹೊರಟ. ಕಾಲರ್ ಹಿಡಿದು ಎಳೆದೆ. ಕೊಸರಿಕೊಂಡ. ಸಿಟ್ಟಲ್ಲಿ ತಳ್ಳಿಬಿಟ್ಟೆ... ನನ್ನನ್ನ ಎತ್ತಿ ಆಡಿಸಿದೋನು ಮೇಡಂ ಅವನು."

*

ಸುದ್ದಿ ಹೇಳಲು ಇನ್‌ಸ್ಪೆಕ್ಟರ್ ತಾನೇ ಹೋದಳು. ಹೆಂಡತಿ ಅಳಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಹೊಗಳಿದ್ದು..."

"ನಿಮ್ಮ ಯಜಮಾನರ ಸೋಪನ್ನೇ ಅಮ್ಮ."

"ಒಂದು ದಿನವೂ ಅವರೆದುರು ಚೆನ್ನಾಗಿದೆ ಅನ್ನಲಿಲ್ಲ ನಾನು. ಅವರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು. ತಮ್ಮನ ಹತ್ರ ಮೊದಲು ಜಗಳ ಆಡ್ಲಿಲ್ವಂತೆ, ನಕ್ಕರಂತೆ. 'ಹಾಗಾದ್ರೆ ಅವಳಿಗೆ ನನ್ನ ಸೋಪು ಇಷ್ಟ ಕಣೋ' ಅಂದ್ರಂತೆ."

ಆಕೆ ಇನ್ನೂ ಆ ಸೋಪಿನ ವಾಸನೆಯಿದ್ದ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲೇ ಇಲ್ಲ.