ಕೆಂಪು ಹಗ್ಗದ ಗಂಟು

"ಅಯ್ಯೋ, ಅದು ನಮ್ಮ ಪಾತ್ರೆ ಕಣ್ರೀ! ಇಡಿ ಕೆಳಗೆ!"

ನನ್ನ ಕೂಗಿಗೆ ಅವನು ಬೆಚ್ಚಿಬಿದ್ದ. ಹಬೆಯೊಳಗೆ ಮೊದಲು ಕಂಡದ್ದು ಎರಡು ಕೈ, ಆಮೇಲೆ ಕೆಂಪು ಹಗ್ಗ, ಕೊನೆಗೆ ಮಂಜು ಕವಿದ ಕನ್ನಡಕ. ಪಾಪ, ಆ ಕನ್ನಡಕದಲ್ಲಿ ಅವನಿಗೆ ನಾನೂ ಕಾಣುತ್ತಿರಲಿಲ್ಲ.

"ಕೆಂಪು ಹಗ್ಗ ನೋಡಿ ನನ್ನ ಪಾತ್ರೆ ಅಂದ್ಕೊಂಡೆ," ಎಂದ.

"ಈ ಊರಲ್ಲಿ ಎಲ್ಲರದ್ದೂ ಕೆಂಪು ಹಗ್ಗಾನೇ. ಗಂಟು ನೋಡ್ಬೇಕು. ಇದು ನಮ್ಮ ಮನೆ ಗಂಟು!"

ನಮ್ಮ ದ್ವೀಪದಲ್ಲಿ ಭಾನುವಾರದ ಅಡುಗೆ ಮಾಡುವುದು ನೆಲವೇ. ಹಂದಿಮಾಂಸ, ಕೋಸು, ಕೆಸುವಿನ ಗೆಡ್ಡೆ ತುಂಬಿದ ಪಾತ್ರೆಗೆ ಬಟ್ಟೆ ಮುಚ್ಚಿ ಹಗ್ಗ ಬಿಗಿದು, ಬೆಳಿಗ್ಗೆಯೇ ಜ್ವಾಲಾಮುಖಿಯ ಕಾವಿನ ಬಿಸಿ ಗುಂಡಿಗೆ ಇಳಿಸಿ, ಹಗ್ಗದ ತುದಿ ಹೊರಗೆ ಬಿಟ್ಟು ಮಣ್ಣು ಮುಚ್ಚುತ್ತೇವೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು, ಮಧ್ಯಾಹ್ನ ಎತ್ತುತ್ತೇವೆ. ಇಟ್ಟ ಕೈಯೇ ಎತ್ತಬೇಕು. ತಪ್ಪಿ ಬೇರೆಯವರು ಎತ್ತಿದರೆ, ಜಗಳ ಬೇಡ ಅಂತ, ಪಾತ್ರೆಯವರೇ ಅವರನ್ನು ಮನೆಗೆ ಕರೆದು ಮೊದಲ ತಟ್ಟೆ ಹಾಕಬೇಕು.

ಹಾಗಾಗಿ ಆ ಕನ್ನಡಕದವನು ನಮ್ಮ ಮನೆಗೆ ಬಂದ. ಹೆಸರು ಅಮಾರೊ. ನನ್ನ ಸೋದರತ್ತೆ ಡೆಲ್ಫಿನಾ ತಟ್ಟೆ ತುಂಬ ಬಡಿಸಿ, "ಯಾವೂರಪ್ಪ ನಿಂದು? ಇಲ್ಲೇನು ಕೆಲಸ?" ಎಂದಳು.

"ಪಕ್ಕದ ದ್ವೀಪ ಅತ್ತೆ. ನಿಮ್ಮೂರಿನ ಹಬೆಯಿಂದ ಕರೆಂಟ್ ಮಾಡಬಹುದಾ ಅಂತ ನೋಡೋಕೆ ಬಂದಿದ್ದೀನಿ. ಆಗೋದಾದ್ರೆ ಬಾವಿ ಕೊರೀತೀವಿ."

ಅತ್ತೆ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಮುಗೀತು! ನಮ್ಮ ಜಸಿಂತಾ ಊರ ತುಂಬ ಸೋಲಾರ್ ಪ್ಯಾನೆಲ್ ಹಾಕ್ಬೇಕು ಅಂತ ಓಡಾಡ್ತಿದ್ದಾಳೆ. ಶತ್ರೂನ ಕರ್ಕೊಂಡು ಬಂದು ಊಟ ಹಾಕಿದೀಯಲ್ಲೇ!"

ಅವನು ಕನ್ನಡಕ ಒರೆಸಿ, ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ. ಕಂದು ಕಣ್ಣು. ನಾನು ಸುಮ್ಮನೆ ನೀರು ತರುವ ನೆಪದಲ್ಲಿ ಎದ್ದುಬಿಟ್ಟೆ.

ಊರಿಗೆ ಎರಡರಲ್ಲಿ ಒಂದು ಬೇಕೇ ಬೇಕಿತ್ತು. ನಮ್ಮ ಕರೆಂಟು ಡೀಸೆಲ್ಲಿನದು. ಸಮುದ್ರ ಮುನಿದು ಹಡಗು ಬಾರದೆ ಹೋದರೆ ಹಾಲಿನ ತೊಟ್ಟಿ ತಣ್ಣಗಾಗುವುದಿಲ್ಲ, ಕರೆದ ಹಾಲೆಲ್ಲ ಚರಂಡಿಗೆ. ಬಿಸಿಲೋ ಹಬೆಯೋ ಎಂದು ಊರ ಸಭೆ ತೀರ್ಮಾನಿಸಬೇಕಿತ್ತು. ಹಬೆ ಗೆದ್ದರೆ ಅಮಾರೊ ವರ್ಷಗಟ್ಟಲೆ ಇಲ್ಲೇ. ಬಿಸಿಲು ಗೆದ್ದರೆ ಮುಂದಿನ ಹಡಗಿಗೆ ಅವನು ವಾಪಸು.

ಮೊದಮೊದಲು ನನಗದು ಒಳ್ಳೆಯ ಸುದ್ದಿಯೇ ಅನ್ನಿಸಿತ್ತು.

ಊರವರಿಗೆ ತೋರಿಸಲೆಂದು ನಾನು ನಮ್ಮ ಮನೆಯ ಮಾಡಿನ ಮೇಲೆ ಪ್ಯಾನೆಲ್ ಬಿಗಿಯುವಾಗ ಅವನು ಕೆಳಗೆ ಬಂದು ನಿಲ್ಲುತ್ತಿದ್ದ. ಸುತ್ತ ಹಾಲಿನಂಥ ಮಂಜು, ಬೇಲಿಯ ನೀಲಿ ಹೂಗಳು ಮಾತ್ರ ಮಸುಕಾಗಿ ಕಾಣುತ್ತಿದ್ದವು.

"ಎಲ್ರೀ ನಿಮ್ಮ ಸೂರ್ಯ? ವಾರದಿಂದ ಪತ್ತೆ ಇಲ್ಲ!"

"ನಾಚ್ಕೊಂಡಿದ್ದಾನೆ. ಹೊಸಬರು ಬಂದಿದ್ದಾರಲ್ಲ."

"ನನ್ನ ಹಬೆಗೆ ಆ ನಖರಾ ಎಲ್ಲ ಇಲ್ಲ. ಹಗಲೂ ಅಷ್ಟೇ, ರಾತ್ರೀನೂ ಅಷ್ಟೇ."

"ಮೇಲೆ ಬಂದು ಹೇಳಿ, ಕೇಳಿಸ್ತಿಲ್ಲ."

ಅವನು ಏಣಿಯನ್ನು ನೋಡಿದ. ಮುಖ ಬಿಳಿಚಿಕೊಂಡಿತು. "ಬೇಡ ಮಾರಾಯ್ತಿ. ನಾನು ನೆಲದ ಮನುಷ್ಯ," ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದು ಸಂಜೆ ಅವನು ನನ್ನನ್ನು ಗುಂಡಿಗಳ ಹತ್ತಿರ ಕೂರಿಸಿ, ನನ್ನ ಅಂಗೈಯನ್ನು ಮೆಲ್ಲಗೆ ಮಣ್ಣಿಗೆ ಒತ್ತಿದ. ಒಳಗೆಲ್ಲೋ ನೀರು ಕೊತಕೊತ ಕುದಿಯುತ್ತಿತ್ತು. "ಗೊತ್ತಾಗ್ತಿದೆಯಾ?" ಎಂದ. ಗೊತ್ತಾಗುತ್ತಿತ್ತು. ಅವನ ಕೈ ನನ್ನ ಕೈಯ ಮೇಲೆ ಇನ್ನೂ ಹಾಗೇ ಇರುವುದೂ, ಅದು ಹಾಗೇ ಇರಲಿ ಎಂದು ನಾನು ಬಯಸುತ್ತಿರುವುದೂ ಗೊತ್ತಾಗುತ್ತಿತ್ತು. ಅವತ್ತಿನಿಂದ ಗೆಲ್ಲುವುದೆಂದರೆ ನನಗೆ ಭಯ.

ಸಭೆಯ ದಿನ ಬಂತು. ಸ್ವಲ್ಪ ಮೆತ್ತಗೆ ಮಾತಾಡಿದರೆ ಸಾಕು, ಅವನು ಉಳಿಯುತ್ತಾನೆ ಎಂದು ಮನಸ್ಸು ಪೀಡಿಸುತ್ತಿತ್ತು. ಆದರೆ ಎದುರಿಗೆ ಹಾಲು ಚೆಲ್ಲಿ ಅತ್ತಿದ್ದ ಹೆಂಗಸರು ಕೂತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿಸಿಲು ಮನೆಮನೆಗೂ ಬೇಗ ಬರುತ್ತದೆ, ಕೆಟ್ಟರೆ ನಾವೇ ರಿಪೇರಿ ಮಾಡಿಕೊಳ್ಳಬಹುದು. ಚಳಿಗಾಲದ ಮಂಜಿನಲ್ಲಿ ಸೊರಗುತ್ತದೆ, ಬ್ಯಾಟರಿ ಬೇಕು, ಆಗಲೂ ಒಂದಿಷ್ಟು ಡೀಸೆಲ್ ಬೇಕು. ಹಬೆ ಎಲ್ಲ ಕಾಲಕ್ಕೂ ಒಂದೇ ಸಮ, ಆದರೆ ಬಾವಿ ಕೊರೆದ ಮೇಲೆ ಬೇಡ ಎನ್ನುವ ಹಾಗಿಲ್ಲ.

ಡೆಲ್ಫಿನಾ ಅತ್ತೆ ಎದ್ದು ನಿಂತಳು. "ಅಮಾರೊ, ನೀ ಹೇಳಪ್ಪ. ಬಾವಿ ಕೊರೆದ್ರೆ ನಮ್ಮ ಗುಂಡಿಗಳು ಹೀಗೇ ಬಿಸಿ ಇರ್ತಾವಾ?"

ಹೂಂ ಎಂದರೆ ಸಾಕಿತ್ತು. ಹೂಂ ಅನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಅವನು ಕನ್ನಡಕ ತೆಗೆದು ಒರೆಸಿದ. ಅಲ್ಲಿ ಹಬೆಯೇನೂ ಇರಲಿಲ್ಲ. "ಇರಬಹುದು ಅತ್ತೆ. ಆದ್ರೆ ಖಂಡಿತ ಇರ್ತವೆ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ಕೈಗಳು ಮೇಲೆದ್ದವು. ಬಿಸಿಲು ಗೆದ್ದಿತು. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿದರು, ನಾನು ನಗುತ್ತಲೇ ಅಳು ತಡೆದೆ.

ಹಡಗು ಇದ್ದದ್ದು ಭಾನುವಾರ, ಪೂಜೆಯ ಹೊತ್ತಿಗೆ. ನಾನು ಬಂದರಿಗೆ ಹೋಗಲಿಲ್ಲ. ಯಾಕೆ ಹೋಗಲಿ? ಕೈ ಬೀಸಿ ಕಳಿಸಿಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇಗರ್ಜಿಗೂ ಹೋಗದೆ ಗುಂಡಿಗಳ ನಡುವೆ ಕೂತೆ. ದೂರದಲ್ಲಿ ಹಡಗು ಕೂಗಿತು. ಇನ್ನೊಮ್ಮೆ ಕೂಗಿತು. ಆಮೇಲೆ ಬರೀ ಹಬೆಯ ಸದ್ದು.

ಕಣ್ಣೊರೆಸಿಕೊಂಡು ನೋಡಿದರೆ ನಮ್ಮ ಗುಂಡಿಯ ಪಕ್ಕದಲ್ಲೇ ಹೊಸ ಮಣ್ಣು. ಅದರಿಂದ ಹೊರಗೆ ಬಂದ ಕೆಂಪು ಹಗ್ಗ. ಅದಕ್ಕೆ ನಮ್ಮ ಮನೆಯ ಗಂಟು! ಅಯ್ಯೋ, ನಮ್ಮ ಮನೆಯದೆಂದರೆ ಅತ್ತೆ ಹೊಡೆದಾಳು. ಯಾರೋ ನಮ್ಮ ಗಂಟು ಕಲಿಯಲು ಹೋಗಿ ಸಿಕ್ಕು ಮಾಡಿಟ್ಟಿದ್ದರು.

"ಗಂಟು ಅಷ್ಟು ಕೆಟ್ಟದಾಗಿದೆಯಾ?"

ಹಬೆಯೊಳಗಿಂದ ಮಂಜು ಕವಿದ ಕನ್ನಡಕವೊಂದು ಬಂತು.

"ಹಡಗು ಹೋಯ್ತು," ಎಂದೆ.

"ಗೊತ್ತು. ಬೆಳಿಗ್ಗೆ ಪಾತ್ರೆ ಇಟ್ಟುಬಿಟ್ಟಿದ್ದೆನಲ್ಲ. ಇಟ್ಟ ಕೈಯೇ ಎತ್ಬೇಕು ತಾನೆ?"

"ಮತ್ತೆ ಕೆಲಸ?"

"ಬಿಟ್ಟೆ. ನಿಮ್ಮಲ್ಲಿ ಏನಾದ್ರೂ ಸಿಗುತ್ತಾ?"

"ಏಣಿ ಹತ್ಬೇಕಾಗುತ್ತೆ."

"ಕೆಳಗೆ ಏಣಿ ಹಿಡ್ಕೊಳ್ಳೋಕೂ ಒಬ್ಬರು ಬೇಕಲ್ವಾ?" ಎಂದವನು ತಲೆ ತಗ್ಗಿಸಿದ. "ನಿಮ್ಮನ್ನ ಬಿಟ್ಟು ಹೋಗೋಕೆ ಆಗ್ಲಿಲ್ಲ ಜಸಿಂತಾ."

ಇಬ್ಬರೂ ಅಕ್ಕಪಕ್ಕ ಕೂತು ಕಾದೆವು. ಮಧ್ಯಾಹ್ನದ ಗಂಟೆ ಬಾರಿಸಿದಾಗ ಅವನು ಮಣ್ಣು ಸರಿಸಿದ. ಹಗ್ಗಕ್ಕೆ ಅವನು ಕೈ ಹಾಕುವ ಮೊದಲೇ ನಾನು ಹಿಡಿದು ಎಳೆದೆ.

"ಏ, ಏನ್ಮಾಡ್ತಿದ್ದೀರಿ? ನೀವು ಎತ್ತಿದ್ರೆ ನಾನು ಊಟ ಹಾಕ್ಬೇಕಾಗುತ್ತೆ!"

"ಹಾಕು," ಎಂದೆ. "ದಿನಾ ಹಾಕು."