ಒಲ್ಲೆ ಅಂದುಬಿಡ್ರಿ

"ನೀವು ನನ್ನ ಒಲ್ಲೆ ಅಂದುಬಿಡ್ರಿ!"

ಹುಡುಗ–ಹುಡುಗಿ ನಾಲ್ಕು ಮಾತಾಡಿಕೊಳ್ಳಲಿ ಎಂದು ಹಿರಿಯರು ಮಾಳಿಗೆ ಮೇಲೆ ಬಿಟ್ಟುಹೋದ ಕೂಡಲೇ ಭಕ್ತಿ ಹೇಳಿದ ಮೊದಲ ಮಾತು ಅದು.

ಭರತೇಶನ ಕೈಯಲ್ಲಿದ್ದ ಅವಲಕ್ಕಿ ಪೋಹೆಯ ಚಮಚ ಬಾಯಿಯ ಹತ್ತಿರವೇ ನಿಂತಿತು.

"ಯಾಕ್ರಿ? ನಾ ಇನ್ನೂ ನಮಸ್ಕಾರನೂ ಮಾಡಿಲ್ಲ..."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳೇನೋ. ಇವತ್ತು ಕಿವಿಯೆಲ್ಲ ಮೆಟ್ಟಿಲ ಕಡೆಗಿತ್ತು. ಕೆಳಗಿನಿಂದ ಅಪ್ಪ ಬಾಹುಬಲಿಯ ದನಿ ಕೇಳುತ್ತಿತ್ತು. "ನಮ್ಮ ಹುಡುಗಿ ಎದುರು ಮಾತಾಡಾಕಿ ಅಲ್ರಿ" ಎಂದು ಇಚಲಕರಂಜಿಯಿಂದ ಬಂದ ಹುಡುಗನ ಕಡೆಯವರಿಗೆ ಹೇಳುತ್ತಿದ್ದರು.

"ಕೊಲ್ಹಾಪುರದ ಒಂದು ಫೌಂಡ್ರಿಯೊಳಗ ನನಗ ನೌಕರಿ ಸಿಕ್ಕೈತ್ರಿ. ಲಗ್ನ ಗಟ್ಟಿ ಆದ್ರ ಅಪ್ಪ ಕಳಸಾಂಗಿಲ್ಲ. ನಾ ಒಲ್ಲೆ ಅಂದ್ರ ಯಾರೂ ಕೇಳಾಂಗಿಲ್ಲ. ಹುಡುಗ ಒಲ್ಲೆ ಅಂದ್ರ ಎಲ್ಲಾರೂ ಕೇಳ್ತಾರ."

"ಫೌಂಡ್ರಿಯೊಳಗ ಏನ್ ಕೆಲಸ?"

"ಉಸುಕಿನ ಅಚ್ಚಿನ್ಯಾಗ ಕರಗಿದ ಕಬ್ಬಿಣ ಸುರೀತಾರಲ್ರಿ, ಆ ಉಸುಕು ಪರೀಕ್ಷೆ ಮಾಡೂದು. ಅದಕ್ಕಂತನ ಡಿಪ್ಲೊಮಾ ಮಾಡೇನಿ."

"ಕರಗಿದ ಕಬ್ಬಿಣ ಹೆಂಗ ಕಾಣತೈತಿ?"

ಭಕ್ತಿ ಬೆರಗಾದಳು. ಮನೆಯಲ್ಲಿ ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ! "ಮೊದಲನೇ ಸಲ ಅಂಜಿಕಿ ಬಂತು. ಆಮ್ಯಾಲೆ... ಕಣ್ಣು ತಗೀಲಿಕ್ಕೆ ಮನಸಽ ಬರಲಿಲ್ಲ."

ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಪ್ಲೇಟನ್ನು ಕಟ್ಟೆಯ ಮೇಲಿಟ್ಟ.

"ಆತು. ಒಲ್ಲೆ ಅಂತೇನಿ."

ಅಷ್ಟೇ. ಒಮ್ಮೆಯೂ ಹಿಂದೆ ತಿರುಗದೆ ಮೆಟ್ಟಿಲಿಳಿದು ಹೋದ. ಕೇಳಿದ್ದು ಸಿಕ್ಕಿತು. ಮತ್ತೆ ಎದೆಯೊಳಗೆ ಇದೇನು ಚುಚ್ಚಿದಂತೆ...?

ಮರುದಿನ ಮದುವೆಯ ಮಧ್ಯಸ್ಥ ಕಾಕಾಸಾಹೇಬ ಬಂದು ಅಪ್ಪನ ಅಂಗಡಿಯ ಗಾದಿ ಮೇಲೆ ಕುಳಿತ.

"ಹುಡುಗ ಒಲ್ಲೆ ಅಂದಾನ್ರಿ. ಹುಡುಗಿ ಭಾಳ ಮುಂದ ಹೋಗ್ಯಾಳ, ನಮ್ಮ ಮನಿಗೆ ಹೊಂದಾಂಗಿಲ್ಲ ಅಂದ್ನಂತ."

ಬಾಹುಬಲಿ ಗಿರಾಕಿಗಳ ಎದುರು ತಲೆ ತಗ್ಗಿಸಿದರು. ಮನೆಯೊಳಗೆ ಬಂದವರೇ ಒಂದೇ ಮಾತು: "ಫೌಂಡ್ರಿ ಬಂದ್! ಕಬ್ಬಿಣದ ಕೆಲಸಕ್ಕ ಹೋಗೂ ಹುಡುಗಿನ್ನ ಯಾರು ತುಗೋತಾರ?"

ಭಕ್ತಿ ತನ್ನನ್ನೇ ಶಪಿಸಿಕೊಂಡಳು. 'ಬಾಗಿಲು ತಗೀರಿ ಅಂತ ಅವನ ಕೈಯಾಗ ಕೀಲಿ ಕೊಟ್ಟೆ. ಅವ ಹೊರಗಿಂದ ಕೀಲಿ ಹಾಕಿ ಹೋದನಲ್ಲ!'

ಅವರ ಮನೆ ಗಡಹಿಂಗ್ಲಜದ ಪೇಟೆಯಲ್ಲಿ, ಸ್ಟೀಲ್ ಪಾತ್ರೆಗಳ ಅಂಗಡಿಯ ಮೇಲಿತ್ತು. ಕೆಳಗಿಳಿಯಲು ಇದ್ದದ್ದು ಒಂದೇ ಮೆಟ್ಟಿಲ ದಾರಿ. ಅದು ಅಪ್ಪನ ಗಾದಿಯ ಪಕ್ಕಕ್ಕೇ ಇಳಿಯುತ್ತಿತ್ತು.

"ಎಲ್ಲಿಗೆ?"

ಬಸದಿಗೆ ಹೊರಟರೂ ಅದೇ ಪ್ರಶ್ನೆ. ಗೆಳತಿಯ ಮನೆಗೆ ಅಂದರೆ ಅವ್ವ ರಾಜಮತಿ ಜೊತೆಗೆ ಬರಬೇಕು. ಫೋನ್ ಬಂದರೆ ಅಪ್ಪನೇ ಮೊದಲು ನೋಡಬೇಕು. ಕೊನೆಕೊನೆಗೆ ಅವಳು ಮೆಟ್ಟಿಲ ತನಕ ಹೋಗುವುದನ್ನೇ ಬಿಟ್ಟಳು.

ಗಂಡುಗಳು ಬರುತ್ತಿದ್ದರು. ಅದೇ ಸೀರೆ, ಅದೇ ಪೋಹೆ. ಒಬ್ಬ "ನಡದು ತೋರಸ್ರಿ" ಅಂದ. ಇನ್ನೊಬ್ಬನ ತಾಯಿ ಬೆಳಕಿಗೆ ಹಿಡಿದು ಮುಖದ ಬಣ್ಣ ನೋಡಿದಳು. ಭಕ್ತಿ ನಡೆದಳು, ಮುಖ ತೋರಿಸಿದಳು, ಒಳಗೆ ಬಂದು ಲೋಟ ತೊಳೆದಳು.

ಕೆಲಸಕ್ಕೆ ಸೇರಬೇಕಿದ್ದ ದಿನವೂ ಲೋಟ ತೊಳೆಯುತ್ತಲೇ ಕಳೆದುಹೋಯಿತು. ಆ ಜಾಗ ಬೇರೆಯವರಿಗೆ ಹೋಯಿತೆಂದು ಗೆಳತಿ ಮೋನಾಲಿ ತಿಳಿಸಿದಳು.

ಅತ್ತಾಗಲೆಲ್ಲ ಭರತೇಶನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಸಿಟ್ಟಿನ ನಡುವೆಯೇ 'ಹೆಂಗ ಕಾಣತೈತಿ?' ಎಂದು ಕೇಳಿದ ಆ ಕಣ್ಣುಗಳೂ ನೆನಪಾಗುತ್ತಿದ್ದವು. ಅದಕ್ಕೆ ಇನ್ನಷ್ಟು ಸಿಟ್ಟು!

ಚಳಿಗಾಲದಲ್ಲಿ ಇಚಲಕರಂಜಿಯಲ್ಲಿ ಸೋದರತ್ತೆಯ ಮಗಳ ಮದುವೆ. ಊಟದ ಪಂಗತಿಯಲ್ಲಿ ಮದುಮಗನ ಗೆಳೆಯರ ಜೊತೆ ಬಡಿಸುತ್ತ ಬಂದವನನ್ನು ನೋಡಿ ಭಕ್ತಿ ತುತ್ತನ್ನು ಎಲೆಗೆ ಬಿಟ್ಟಳು.

ಭರತೇಶ! ಅವನ ಮುಖ ಮಾತ್ರ ಅರಳಿತು. "ನೀವಾ...! ಕೊಲ್ಹಾಪುರದಿಂದ ಬಂದ್ರೇನು? ನೌಕರಿ ಹೆಂಗ ನಡದೈತಿ?"

ಭಕ್ತಿ ಎಲೆ ಬಿಟ್ಟು ಎದ್ದಳು. ಕೈ ತೊಳೆಯುವ ಜಾಗಕ್ಕೆ ಅವನು ಹಿಂದೆಯೇ ಓಡಿಬಂದ.

"ಒಲ್ಲೆ ಅನ್ರಿ ಅಂದಿದ್ದೆ. ನನ್ನ ಹೆಸರು ಕೆಡಸ್ರಿ ಅಂದಿದ್ನೇನು?" ಅವಳ ದನಿ ಒಡೆಯಿತು. "ಮುಂದ ಹೋದ ಹುಡುಗಿ ಅಂದ್ರಿ. ನೌಕರಿ ಹೋತು. ಮನಿ ಮೆಟ್ಟಲಾ ಇಳೀಲಿಕ್ಕೂ ಪರವಾನಗಿ ಬೇಕು ನನಗ!"

ಭರತೇಶನ ಮುಖ ಬಿಳುಚಿತು.

"ನಾ ಹಂಗ ಅಂದಿಲ್ರಿ! ಹುಡುಗಿ ಭಾಳ ಛಲೋ ಅದಾಳ, ನಂದಽ ಇನ್ನೂ ತಯಾರಿ ಇಲ್ಲ ಅಂದಿದ್ದೆ. ಉಳಿದದ್ದು ಕಾಕಾಸಾಹೇಬ್ರು ಕೂಡ್ಸ್ಯಾರ..."

ಅವನು ಗೋಡೆಗೆ ಒರಗಿದ. "ನೀವು ಅಲ್ಲೆ ಖುಷಿಲೆ ಇದ್ದೀರಿ ಅನ್ಕೊಂಡು ಸುಮ್ಮನಿದ್ದೆ. ಆವತ್ತ ಮಾಳಿಗಿ ಇಳಿಯೂ ಮುಂದ ನಾ ಹಿಂದ ತಿರುಗಿ ನೋಡಲಿಲ್ಲ. ನೋಡಿದ್ರ ಒಲ್ಲೆ ಅನ್ನಾಕ ಆಗ್ತಿದ್ದಿಲ್ಲ."

ಭಕ್ತಿ ಸೆರಗಿನಿಂದ ಒದ್ದೆ ಕೈ ಒರೆಸಿಕೊಂಡಳು.

ಆಮೇಲೆ ಅವಳು ಮಾಡಿದ್ದನ್ನು ಅವಳೇ ನಂಬಲಾರದೆ ಹೋದಳು. ನೆಟ್ಟಗೆ ಪಂಗತಿಗೆ ಹೋಗಿ, ಊಟ ಮಾಡುತ್ತಿದ್ದ ಅಪ್ಪನ ಎದುರು ನಿಂತಳು.

"ಅಪ್ಪಾ, ಆವತ್ತ ಹುಡುಗ ಒಲ್ಲೆ ಅಂದಿದ್ದು ನನ್ನ ಮಾತಿಗೆ. ನಾನಽ ಬೇಡ್ಕೊಂಡಿದ್ದೆ."

ಸುತ್ತಲಿನ ಕೈಗಳು ಎಲೆಯ ಮೇಲೆ ನಿಂತವು. ಬಾಹುಬಲಿ ಮೆಲ್ಲಗೆ ಕೇಳಿದರು, "ನನಗ ಯಾಕ ಹೇಳಲಿಲ್ಲ?"

"ಹೇಳಿದ್ನೆಪ್ಪಾ. ಊಟಕ್ಕ ಕುಂತಾಗ ಹೇಳಿದೆ. ಅಂಗಡಿಗೆ ಬಂದು ಹೇಳಿದೆ. ನಿನಗ ಕೇಳಸಲಿಲ್ಲ. ಅದಕ್ಕ ಗುರ್ತಿಲ್ಲದವನ ಬಾಯಿಲೆ ಹೇಳಸಬೇಕಾತು."

ಊರಿಗೆ ಬರುವ ತನಕ ಕಾರಿನಲ್ಲಿ ಒಂದು ಮಾತಿಲ್ಲ. ಆಮೇಲೂ ಇಲ್ಲ. ಅಪ್ಪ ಈಗ "ಎಲ್ಲಿಗೆ?" ಎಂದೂ ಕೇಳುತ್ತಿರಲಿಲ್ಲ. ಆ ಮೌನ ಮೊದಲಿನ ಪ್ರಶ್ನೆಗಿಂತ ಭಾರವಾಗಿತ್ತು. 'ಖರೇ ಹೇಳಿ ಏನು ಬಂತು? ಗ್ವಾಡಿ ಇನ್ನೊಂದು ಎದ್ದಿತು, ಅಷ್ಟಽ...'

ಒಂದು ಸಂಜೆ ಇನ್ನೊಂದು ಗಂಡಿನ ಕಡೆಯಿಂದ ಫೋನ್ ಬಂತು. ಎತ್ತಿದವಳು ರಾಜಮತಿ. ಮದುವೆಯಾದಾಗಿನಿಂದ ಗಂಡನ ಎದುರು ದನಿ ಎತ್ತದವಳು.

"ಹುಡುಗಿ ಮನ್ಯಾಗ ಇಲ್ರಿ. ಕೊಲ್ಹಾಪುರದಾಗ ನೌಕರಿಗೆ ಹೋಗ್ಯಾಳ."

ಭಕ್ತಿ ಅಡುಗೆಮನೆಯ ಬಾಗಿಲಲ್ಲೇ ಕಲ್ಲಾದಳು. ಪಕ್ಕದಲ್ಲೇ ಕುಳಿತಿದ್ದ ಅಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದರು.

ಬೆಳಿಗ್ಗೆ ಅವರೇ ಮೆಟ್ಟಿಲ ಬಳಿ ಬಂದು ನಿಂತಿದ್ದರು.

"ನಡಿ, ತಯಾರಾಗು. ನಿಮ್ಮವ್ವ ಸುಳ್ಳು ಹೇಳ್ಯಾಳ. ಅದನ್ನ ಖರೇ ಮಾಡಬೇಕಲ್ಲ?"

ಭಕ್ತಿ ಅಳುತ್ತಲೇ ಮೆಟ್ಟಿಲಿಳಿದಳು.

ಹಳೆಯ ಕೆಲಸ ಸಿಗಲಿಲ್ಲ. ಅದಕ್ಕಿಂತ ಚಿಕ್ಕದೊಂದು ಫೌಂಡ್ರಿ ಅವಳನ್ನು ಟ್ರೇನಿಯಾಗಿ ತೆಗೆದುಕೊಂಡಿತು. ಸಂಬಳ ಕಡಿಮೆ, ಹಾಸ್ಟೆಲಿನ ಕೋಣೆ ಇಕ್ಕಟ್ಟು. ಆದರೂ ರಾತ್ರಿ ನಿದ್ದೆ ಗಟ್ಟಿಯಾಗಿ ಬರುತ್ತಿತ್ತು.

ಒಂದು ದಿನ ಪಾಳಿ ಮುಗಿಸಿ ಹೊರಬಂದಾಗ ಗೇಟಿನ ಆಚೆ ಬೈಕಿಗೆ ಒರಗಿ ಭರತೇಶ ನಿಂತಿದ್ದ. ಭಕ್ತಿ ಗಡಬಡಿಸಿ ಮುಖ ಒರೆಸಿಕೊಂಡಳು. ಮಸಿ ಕೆನ್ನೆಯ ತುಂಬ ಹರಡಿತು.

"ಗಡಹಿಂಗ್ಲಜಕ್ಕ ಹೋಗಿದ್ದೆ. ಲಗ್ನದ ಮಾತು ನಿಮ್ಮಪ್ಪಾರನ್ನ ಕೇಳಿದೆ," ಅವನು ತಡವರಿಸಿದ. "ನನ್ನ ಕೇಳಬ್ಯಾಡ, ಆಕೀನ್ನ ಕೇಳು ಅಂದ್ರು."

ಅಪ್ಪ... ಅಪ್ಪ ಹಾಗೆ ಅಂದರೇ? ಅವಳ ಕಣ್ಣು ತುಂಬಿತು. ಪಡುವಣಕ್ಕೆ ಹೊತ್ತು ಆಗಲೇ ಕೆಂಪಾಗಿತ್ತು. ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ.

"ಉಂಡೀರೇನು?" ಅವಳು ಕೇಳಿದಳು.

"ಇಲ್ರಿ."

"ಹಂಗಾದ್ರ ಮೊದಲ ಉಣ್ಣೂನು ಬರ್ರಿ. ಹೊತ್ತು ಮುಳುಗಿದ್ರ ಇಬ್ಬರೂ ಉಪಾಸ ಇರಬೇಕಾಕ್ಕೈತಿ."

ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿದಳು. ಜೋಳದ ಭಕ್ರಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅವನ ಕೈಗಿತ್ತಳು.

"ನಾಳೆ ಬರ್ಲಾ?" ಅವನು ಕೇಳಿದ.

"ಬರ್ರಿ."

"ನಾಡದು?"

"ದಿನಾ ಬರಾಕ ಇಚಲಕರಂಜಿ ದೂರ ಆಗೂದಿಲ್ಲೇನು?"

"ಆಕ್ಕೈತಿ... ಏನ್ ಮಾಡೂದು?"

ಭಕ್ತಿ ತಲೆ ತಗ್ಗಿಸಿ, ಇನ್ನೊಂದು ತುತ್ತು ಮುರಿಯುತ್ತ ಹೇಳಿದಳು.

"ಇಬ್ಬರೂ ಒಂದಽ ಮನ್ಯಾಗ ಉಂಡ್ರ ಆತಲ್ರಿ."

ಭರತೇಶನಿಗೆ ಭಕ್ರಿ ಗಂಟಲಲ್ಲೇ ಸಿಕ್ಕಿ ಕೆಮ್ಮು ಬಂತು. ಭಕ್ತಿ ನಗುತ್ತ ನೀರಿನ ಬಾಟಲಿ ಅವನ ಮುಂದೆ ಹಿಡಿದಳು.

"ನಿಧಾನ ಉಣ್ರಿ... ನಾ ಎಲ್ಲೂ ಹೋಗಾಂಗಿಲ್ಲ."