ಕೀಲಿ ಯಾರ ಕಡೆ ಇತ್ತು

ಮಂಗಳವಾರ, 2025ರ ಜೂನ್ 17, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹುಣಸೇವಾಡಿ ಉಪಖಜಾನೆಯ ಭದ್ರಕೋಣೆಯಿಂದ ನಾನೂರು ಛಾಪಾ ಕಾಗದ ಕಾಣೆಯಾಗಿವೆ ಎಂಬ ದೂರು ಮಹಾರಾಷ್ಟ್ರದ ಗಡಿಭಾಗದ ಗಡಹಿಂಗ್ಲಜ ಠಾಣೆಗೆ ಬಂತು.

ದೂರು ತಂದವನು ಉಪಖಜಾನೆಯ ಅಧಿಕಾರಿ ಪ್ರಥಮೇಶ ಜಗದಾಳೆ. ಸಾತಾರಾ ಕಡೆಯವನು, ವಯಸ್ಸು ಮೂವತ್ತೊಂದು. ದೂರಿನ ಜೊತೆಗೆ ಆರೋಪಿಯ ಹೆಸರನ್ನೂ ತಂದಿದ್ದ: ಕಚೇರಿಯ ಸಿಪಾಯಿ ಲಗಮಣ್ಣ. ಇಲಾಖೆಯ ಪ್ರಾಥಮಿಕ ವಿಚಾರಣೆ ಮುಗಿದು ಲಗಮಣ್ಣ ಆಗಲೇ ಅಮಾನತಾಗಿದ್ದ. ಅದೇ ತಿಂಗಳ 30ಕ್ಕೆ ಅವನ ನಿವೃತ್ತಿ. ಬಂಧನವಾದರೆ ಮೂವತ್ತನಾಲ್ಕು ವರ್ಷದ ನೌಕರಿಯ ಪಿಂಚಣಿ ಅಲ್ಲಿಗೇ ನಿಲ್ಲುತ್ತಿತ್ತು.

ಇನ್ಸ್‌ಪೆಕ್ಟರ್ ಉಜ್ವಲಾ ಕುರಣೆ ಎಫ್‌ಐಆರ್ ದಾಖಲಿಸಿದಳು. ಭಾರತೀಯ ನ್ಯಾಯ ಸಂಹಿತೆ ಕಲಂ 316(5), ಸರಕಾರಿ ನೌಕರನಿಂದ ನಂಬಿಕೆ ದ್ರೋಹ. ಬಂಧನದ ಮಾತು ಎತ್ತಲಿಲ್ಲ.

ಖಜಾನೆಯ ಕಟ್ಟಡ ಸಂಸ್ಥಾನದ ಕಾಲದ್ದು. ಇಂಗ್ಲಿಷರು ಕಲಿಸಿಹೋದ ಎರಡು ಬೀಗದ ಪದ್ಧತಿ ಅಲ್ಲಿ ಇನ್ನೂ ನಡೆದಿತ್ತು. ಒಂದು ಬೀಗದ ಕೈ ಅಧಿಕಾರಿಯ ಬಳಿ, ಇನ್ನೊಂದು ರೋಖಪಾಲನೆಂದು ಕರೆಯುವ ಕ್ಯಾಶಿಯರ್ ಹರ್ಷದನ ಬಳಿ. ಇಬ್ಬರೂ ಇಲ್ಲದೆ ಬಾಗಿಲು ತೆರೆಯುವಂತಿಲ್ಲ. ಕಳುವಾದದ್ದು ಬಳಕೆ ನಿಂತ ನೂರು ರೂಪಾಯಿಯ ಕಾಗದ. ವಾಪಸು ಕಳಿಸಲು ಕಟ್ಟಿಟ್ಟಿದ್ದರು. ಅಂಥ ಕಾಗದ ಇನ್ನು ಒಂದೇ ಕೆಲಸಕ್ಕೆ ಬರುತ್ತದೆ: ಇವತ್ತು ಬರೆದ ಕರಾರಿಗೆ ಹಳೆಯ ತಾರೀಖು ಹಾಕಲು.

ಲಗಮಣ್ಣನ ಮೇಲಿದ್ದ ಪುರಾವೆ ಅವನದೇ ಹೇಳಿಕೆ. ಮರಾಠಿಯಲ್ಲಿ ಬರೆದ ಎರಡು ಸಾಲು, ಕೆಳಗೆ ಅವನ ಸಹಿ. "ಪಾಚ್ ಜೂನಲಾ ಖೋಲೀ ಉಘಡಲೀ. ಕಿಲ್ಲೀ ಮಾಝ್ಯಾಕಡೆ ಹೋತೀ." ಜೂನ್ ಐದರಂದು ಕೋಣೆ ತೆರೆಯಿತು, ಬೀಗದ ಕೈ ನನ್ನ ಬಳಿ ಇತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಲಗಮಣ್ಣ ಠಾಣೆಗೆ ಬಂದ. ಹವಾಲ್ದಾರ್ ಶಂಕರಲಿಂಗ ಅವನಿಗೆ ಕುರ್ಚಿ ತೋರಿಸಿದ. ಕೂರಲಿಲ್ಲ.

"ಕೂಡ್ರೀ ಕಾಕಾ," ಎಂದಳು ಉಜ್ವಲಾ. "ಐದನೇ ತಾರೀಖಿಗೆ ಖೋಲಿ ತಗದಿದ್ರು?"

"ತಗದಿದ್ರ್ರೀ."

"ಕೀಲಿ ಯಾರ ಕಡೆ ಇತ್ತು?"

"ನನ್ನ ಕಡೇನ ಇತ್ತ್ರೀ. ಎರಡೂ."

ಉಜ್ವಲಾ ಪೆನ್ನು ಕೆಳಗಿಟ್ಟಳು. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಅವಳು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

"ನಿಮ್ಮ ಕಡೆ ಯಾಕ ಇತ್ತು?"

"ಯಾವಾಗ್ಲೂ ನನ್ನ ಕಡೇನ ಇರ್ತಾವಲ್ರೀ. ಬಾಗಲಾ ತಗದಿಂದ ಎರಡೂ ನನ್ನ ಕೈಯಾಗ ಕೊಡ್ತಾರ. ಅವರು ಹೊರಗ ಬರೂತನಕಾ ಹಿಡಕೊಂಡ ನಿಂದರಬೇಕು. ಒಂದೊಂದು ಒಂದೂವರೆ ಕಿಲೋ ಅದಾವ. ಕೈ ಸೇದತಾವ."

"ಒಂದೂವರೆ ಕಿಲೋ?"

ಶಂಕರಲಿಂಗ ನಕ್ಕುಬಿಟ್ಟ. "ಮೇಡಂ, ಅವ ಕುಲುಪದ ಮಾತ ಆಡಾಕತ್ತಾನ್ರೀ. ನಮ್ಮ ಕಡೆ ಕೀಲಿ ಅಂದ್ರ ಕುಲುಪ. ಕಿಲ್ಲಿಗೆ ಕೀಲಿಕೈ ಅಂತೇವಿ."

ಉಜ್ವಲಾಳದು ಇಚಲಕರಂಜಿಯ ಮಗ್ಗದ ಓಣಿ. ಮನೆಮಾತು ಕನ್ನಡವೇ ಆದರೂ ಅಲ್ಲಿ ಬೀಗಕ್ಕೆ ಮರಾಠಿಯ ಕುಲುಪವೇ ಬಂದು ಕೂತು, ಕೀಲಿ ಎಂದರೆ ಬೀಗದ ಕೈ ಎಂದೇ ಆಗಿಹೋಗಿತ್ತು. ಸಿಪಾಯಿ ಬೀಗ ನನ್ನ ಕೈಯಲ್ಲಿತ್ತು ಎಂದಿದ್ದ. ಕಾಗದದ ಮೇಲೆ ಅದು ಬೀಗದ ಕೈ ಆಗಿತ್ತು.

"ಕೀಲಿಕೈ ಯಾರ ಕಡೆ ಇದ್ವು?"

"ಅವತ್ತ ಎರಡೂ ಹರ್ಷದ ಸಾಹೇಬ್ರ ಕಡೇನ ಇದ್ವು. ದೊಡ್ಡ ಸಾಹೇಬ್ರು ಬಂದಿರಲಿಲ್ಲ. ಇದನ್ನೂ ಹೇಳೇನ್ರೀ ನಾ. ಬರಕೋಳೂದು ಬಿಡೂದು ಅವರ ಕೈಯಾಗಿತ್ತು."

"ಓದದ ಸಹಿ ಮಾಡಿದ್ರಿ?"

"ಮರಾಠಿ ಅಷ್ಟಿಷ್ಟ ಮಾತಾಡತೇನ್ರೀ. ಓದಾಕ ಬರೂದಿಲ್ಲ. ನಾ ಕನ್ನಡ ಸಾಲ್ಯಾಗ ನಾಲ್ಕನೇ ಇಯತ್ತೆ ಕಲತಾಂವ."

ಹೇಳಿಕೆ ಬರೆದವರು ಯಾರೆಂದು ಉಜ್ವಲಾ ಪ್ರಥಮೇಶನಿಗೆ ಫೋನ್ ಮಾಡಿ ಕೇಳಿದಳು. "ಮಲಾ ಕಾನಡೀ ಯೇತ್ ನಾಹೀ ಮ್ಯಾಡಂ," ಎಂದ, ತನಗೆ ಕನ್ನಡ ಬಾರದೆಂದು. ಕನ್ನಡವನ್ನು ಮರಾಠಿಗೆ ಇಳಿಸಿಕೊಟ್ಟವನು ರೋಖಪಾಲ ಹರ್ಷದನೇ. ಅವನಿಗೂ ಕನ್ನಡ ಅಷ್ಟಕ್ಕಷ್ಟೇ ಎಂದು ಪ್ರಥಮೇಶ ಸೇರಿಸಿದ. ಹಾಗಿದ್ದರೆ ಇದು ಕಿವಿಯ ತಪ್ಪೂ ಇರಬಹುದು, ಉದ್ದೇಶಪೂರ್ವಕವೂ ಇರಬಹುದು.

ಮರುದಿನ ಮಧ್ಯಾಹ್ನ ಮೂರಕ್ಕೆ ಭದ್ರಕೋಣೆಯಲ್ಲಿ ಪಂಚನಾಮೆ. ಇಬ್ಬರು ಪಂಚರು, ಪ್ರಥಮೇಶ, ಹರ್ಷದ. ಹರ್ಷದ ತೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರಿಸುತ್ತಿದ್ದ. ಎರಡು ಬೀಗ, ಎರಡು ಬೀಗದ ಕೈ ಮೇಜಿನ ಮೇಲಿದ್ದವು. ಶಂಕರಲಿಂಗ ಚೀಟಿಗೆ ಅಂಟು ಹಚ್ಚುತ್ತ, ತಲೆ ಎತ್ತದೆ, ಕನ್ನಡದಲ್ಲೇ ಅಂದ:

"ಸಾಹೇಬ್ರ, ಆ ಕೀಲಿ ಒಂದಿಷ್ಟ ಇತ್ತ ಕೊಡ್ರೀ."

ಹರ್ಷದ ಬೀಗ ಎತ್ತಿಕೊಟ್ಟ. ಬೀಗದ ಕೈಗಳು ಅದರ ಪಕ್ಕದಲ್ಲೇ ಇದ್ದವು. ಅವನು ಅವುಗಳತ್ತ ನೋಡಲೂ ಇಲ್ಲ.

"ಊರ ಯಾವುದ್ರೀ ನಿಮ್ಮದು?" ಶಂಕರಲಿಂಗ ಕೇಳಿದ.

ಬೀಗ ಇಬ್ಬರ ಕೈಯಲ್ಲೂ ಇತ್ತು. ಹರ್ಷದ ಹೇಳಿದ: "ಹಲಕರ್ಣಿ."

"ಅಂದ್ರ ನಮ್ಮವರ ಆದ್ರಿ. ಇಷ್ಟ ಚಲೋ ಕನ್ನಡ ಇಟಗೊಂಡ ಮುಚ್ಚಿಡತೀರಲ್ರೀ!"

ಉಜ್ವಲಾ ಟಿಪ್ಪಣಿ ಪುಸ್ತಕದಲ್ಲಿ ಸಮಯ ಬರೆದುಕೊಂಡಳು, 3.25. ನ್ಯಾಯಾಲಯಕ್ಕೆ ಇದು ಪುರಾವೆಯಾಗದು. ತನಿಖೆ ಯಾವ ಕಡೆ ಹೋಗಬೇಕೆಂದು ತಿಳಿಯಲು ಸಾಕಿತ್ತು.

ಭದ್ರಕೋಣೆಯ ದಾಖಲೆ ಪುಸ್ತಕದಲ್ಲಿ ಜೂನ್ 5, ಬೆಳಿಗ್ಗೆ 11.20ರ ಎದುರು ಪ್ರಥಮೇಶ, ಹರ್ಷದ ಇಬ್ಬರ ಸಹಿಯೂ ಇತ್ತು. ಗುರುವಾರ, ಜೂನ್ 19ರಂದು ಉಜ್ವಲಾ ಕೊಲ್ಹಾಪುರಕ್ಕೆ ಹೋದಳು. ಐದರಂದು ಅಲ್ಲಿ ನಡೆದ ಅಧಿಕಾರಿಗಳ ಬೈಠಕ್ಕಿನ ಹಾಜರಿ ಪಟ್ಟಿ ತರಿಸಿದಳು. ಒಂಬತ್ತನೆಯ ಹೆಸರು ಪ್ರಥಮೇಶ ಜಗದಾಳೆ; ಬಂದದ್ದು 10.50ಕ್ಕೆ, ಹೋದದ್ದು ಎರಡಕ್ಕೆ. ಕೊಲ್ಹಾಪುರದಲ್ಲಿದ್ದವನು ಅದೇ ಹೊತ್ತಿಗೆ ಹುಣಸೇವಾಡಿಯಲ್ಲಿ ಬೀಗ ತೆಗೆದಿರಲಾರ.

ಪಟ್ಟಿಯ ನಕಲು ಎದುರಿಗಿಟ್ಟಾಗ ಪ್ರಥಮೇಶ ನೀರು ಕೇಳಿದ. ಬೈಠಕ್ಕಿದ್ದ ದಿನಗಳಲ್ಲಿ ತನ್ನ ಬೀಗದ ಕೈಯನ್ನು ಹರ್ಷದನ ಬಳಿ ಬಿಟ್ಟುಹೋಗುವುದು ರೂಢಿ, ಸಹಿ ಮರುದಿನ ಹಾಕಿದೆ ಎಂದು ಮರಾಠಿಯಲ್ಲಿ ಹೇಳಿದ.

"ಇದು ಗೊತ್ತಿದ್ದೂ ಸಿಪಾಯಿಯ ಹೆಸರು ಬರೆದಿರಾ?" ಅವಳೂ ಮರಾಠಿಯಲ್ಲೇ ಕೇಳಿದಳು.

"ಅವನೇ ಒಪ್ಪಿಕೊಂಡಿದ್ದನಲ್ಲ."

"ಬೀಗದ ಕೈ ಅವನ ಬಳಿ ಹೇಗೆ ಬಂತು ಎಂದು ಕೇಳಿದಿರಾ?"

ಪ್ರಥಮೇಶ ಕೇಳಿರಲಿಲ್ಲ. ಕೇಳಿದ್ದರೆ ತನ್ನ ಬೀಗದ ಕೈ ಎಲ್ಲಿತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಹರ್ಷದನ ಫೋನ್ ದಾಖಲೆಯಲ್ಲಿ ಜೂನ್ 5ರ ಸಂಜೆ ಒಂದೇ ನಂಬರಿಗೆ ಆರು ಕರೆ ಹೋಗಿದ್ದವು. ನಂಬರು ಇಚಲಕರಂಜಿಯಲ್ಲಿ ಕರಾರು ಪತ್ರ ಟೈಪು ಮಾಡಿಕೊಡುವ ಸ್ವಪ್ನಿಲನದು. ಮಂಗಳವಾರ, ಜೂನ್ 24, ಬೆಳಿಗ್ಗೆ ಹನ್ನೊಂದಕ್ಕೆ ಪಂಚರ ಎದುರು ಅವನ ಅಂಗಡಿ ಶೋಧಿಸಿದರು. ಕಪಾಟಿನ ಹಿಂದಿನ ಸಂದಿಯಲ್ಲಿ 387 ಖಾಲಿ ಕಾಗದ ಸಿಕ್ಕವು. ಹನ್ನೆರಡು ಮಾರಿದ್ದೇನೆ ಎಂದು ಸ್ವಪ್ನಿಲ ಒಪ್ಪಿಕೊಂಡ. ನಾನೂರನೆಯದು ಮೇಜಿನ ಖಾನೆಯಲ್ಲಿತ್ತು. ಅದರ ಮೇಲೆ 2021ರ ಮಾರ್ಚ್ 15ರ ತಾರೀಖು ಹಾಕಿ, ಹಲಕರ್ಣಿಯ ಒಂದು ಮನೆಯನ್ನು ಗೌರವ್ವ ಎಂಬಾಕೆ ಬದುಕಿರುವ ತನಕ ಅನುಭವಿಸಬೇಕೆಂದು ಟೈಪು ಮಾಡಲಾಗಿತ್ತು.

ಅದೇ ದಿನ ಸಂಜೆ ನಾಲ್ಕು ಹತ್ತಕ್ಕೆ ಹರ್ಷದನನ್ನು ಅವನ ಕಚೇರಿಯಲ್ಲೇ ಬಂಧಿಸಿದರು. ಠಾಣೆಯಲ್ಲಿ ಅವನು ಮರಾಠಿ ಬಿಟ್ಟ.

"ಗೌರವ್ವ ಯಾರು?"

"ನಮ್ಮವ್ವ."

"ನಾನೂರು ಯಾಕ ಬೇಕಾದ್ವು?"

"ನಂಗ ಒಂದ ಬೇಕಾಗಿತ್ರೀ. ಇಡೀ ಕಟ್ಟ ತಂದಕೊಟ್ರ ನಿಂದೊಂದು ಮಾಡಿಕೊಡ್ತೇನಿ ಅಂದಾ ಸ್ವಪ್ನಿಲ. ತಂದಕೊಟ್ಟಿಂದ ಇನ್ನೊಂದು ಕಟ್ಟ ಬೇಕಂದಾ."

ಗೌರವ್ವ ಅವನ ಅಪ್ಪನ ಎರಡನೆಯ ಹೆಂಡತಿ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೂ ಅವಳ ಹೆಸರು ಯಾವ ಕಾಗದದಲ್ಲೂ ಏರಿರಲಿಲ್ಲ. ಅಪ್ಪ 2021ರ ಏಪ್ರಿಲ್‌ನಲ್ಲಿ ಸತ್ತ. ಮನೆ ಅವಳಿಗೇ ಎಂದು ಓಣಿಯವರ ಮುಂದೆ ಹೇಳಿದ್ದ, ಬರೆದುಕೊಟ್ಟಿರಲಿಲ್ಲ. ಈ ವರ್ಷ ಮೊದಲ ಹೆಂಡತಿಯ ಮಕ್ಕಳು ಮನೆ ಬಿಡುವಂತೆ ನೋಟಿಸು ಕಳಿಸಿದ್ದರು.

"ಅಪ್ಪ ಅಂದದ್ದನ್ನ ಬರಸೇನಿ. ಸುಳ್ಳ ಒಂದಕ್ಷರ ಇಲ್ಲ ಅದರಾಗ."

"ತಾರೀಖ?"

"ಅದೊಂದ ಸುಳ್ಳ್ರೀ."

"ಲಗಮಣ್ಣ ಏನ ಮಾಡಿದ್ದಾ ನಿಮಗ?"

"ಏನೂ ಮಾಡಿಲ್ರೀ. ಹೆಂಗೂ ಮನೀಗೆ ಹೊಂಟಾನ, ನಾಲ್ಕ ದಿನ ಗದ್ದಲಾಗಿ ಮುಗೀತೈತಿ ಅಂದ್ಕೊಂಡ್ನಿ. ಅವನ ಪಿಂಚಣಿ ನೆನಪಿಗೆ ಬರಲಿಲ್ಲ."

"ನೀವು ಖಜಾನ್ಯಾಗ ಕೆಲಸ ಮಾಡವರು. ಪಿಂಚಣಿ ಕಾಗದಾ ಎಲ್ಲಾ ನಿಮ್ಮ ಮೇಜಿನ ಮ್ಯಾಲ ಹಾದ ಹೋಗತಾವ."

"ಹೌದ್ರೀ," ಅಂದ ಹರ್ಷದ.

ಬೀಗದ ಕೈ ಬಿಟ್ಟುಹೋದದ್ದಕ್ಕೂ ಸುಳ್ಳು ಸಹಿಗೂ ಪ್ರಥಮೇಶನ ಮೇಲೆ ಇಲಾಖೆಗೆ ಪ್ರತ್ಯೇಕ ವರದಿ ಹೋಯಿತು. ಗೌರವ್ವಳ ಹೆಸರಿನ ಕಾಗದ ಮುದ್ದೆಮಾಲಿನ ಜೊತೆ ನ್ಯಾಯಾಲಯಕ್ಕೆ ಸೇರಿತು.

ಶುಕ್ರವಾರ, ಜೂನ್ 27ರಂದು ಲಗಮಣ್ಣನ ಅಮಾನತು ರದ್ದಾಯಿತು. ಅವನು ಅದೇ ದಿನ ಬಂದು ಹಾಜರಿ ಹಾಕಿದ. ಶನಿವಾರ, ರವಿವಾರ ರಜೆ. ಸೋಮವಾರ ಸಂಜೆ ಆರೂ ಕಾಲಿಗೆ ನಿವೃತ್ತನಾದ.